ಉಪ್ಪನ ವಾಚಿನ ಗೀರು: ಪಾಲಿಶ್‌ಗೆ ಕೊಡುವ ಮುನ್ನ ಒಂದು ನಿಮಿಷ

ನಮ್ಮ ಮನೆಗಳಲ್ಲಿ ವಾಚ್ ಬರೀ ಸಮಯ ನೋಡುವ ಸಾಧನವಾಗಿ ಇದ್ದದ್ದು ಕಡಿಮೆ. ಗಲ್ಫ್‌ನಿಂದ ಮೊದಲ ಸಲ ರಜೆಗೆ ಬಂದ ಕಾಕನ ಕೈಯಲ್ಲಿ ಅದು ದುಡಿಮೆಯ ಗುರುತು. ನಿಕಾಹ್ ದಿನ ಪುದಿಯಾಪ್ಲೆಯ ಕೈಯಲ್ಲಿ ಅದು ಎರಡು ಮನೆಯವರ ಮರ್ಯಾದೆ. ಉಪ್ಪ ತೀರಿಕೊಂಡ ಮೇಲೆ ಕಪಾಟಿನ ಲಾಕರಿನಲ್ಲಿ ಹಳೆ ಪಾಸ್‌ಪೋರ್ಟಿನ ಜೊತೆ ಸಿಗುವ ವಾಚಂತೂ ಬೇರೆಯೇ ಕಥೆ. ಅಷ್ಟು ಬೆಲೆಯ, ಅಷ್ಟು ಪ್ರೀತಿಯ ವಸ್ತುವಿನ ಮೇಲೆ ಒಂದು ಗೀರು ಬಿದ್ದರೆ ಎಂತಹವರಿಗೂ ಹೊಟ್ಟೆಯೊಳಗೆ ಚುರ್ ಎನ್ನುತ್ತದೆ. ಕೂಡಲೇ ಬರುವ ಮಾತು ಒಂದೇ: "ಪಾಲಿಶ್ ಹಾಕಿಸಿದರೆ ಹೊಸತರ ಹಾಗೆ ಆಗುತ್ತದಲ್ಲ?"

ಆಗುತ್ತದೆ. ಹೊಸತರ ಹಾಗೆ ಕಾಣುತ್ತದೆ. ಆದರೆ ಹೊಸತು ಆಗುವುದಿಲ್ಲ. ಈ ವ್ಯತ್ಯಾಸ ತಿಳಿಯದೆ ಎಷ್ಟೋ ಒಳ್ಳೆಯ ವಾಚ್‌ಗಳು ತಮ್ಮ ಆಕಾರ, ಬೆಲೆ, ನೆನಪು ಮೂರನ್ನೂ ಕಳೆದುಕೊಂಡಿವೆ.

ಗೀರು ತುಂಬುವುದಿಲ್ಲ, ಸುತ್ತಲಿನದ್ದು ಸವೆಯುತ್ತದೆ

ಗೋಡೆಯಲ್ಲಿ ಬಿರುಕು ಬಿಟ್ಟರೆ ಪುಟ್ಟಿ ಹಾಕಿ ತುಂಬುತ್ತೇವೆ. ವಾಚಿನ ಗೀರಿಗೆ ಹಾಕಲು ಪುಟ್ಟಿ ಇಲ್ಲ. ಪಾಲಿಶ್ ಎಂದರೆ ಗೀರಿನ ತಳ ಎಷ್ಟು ಆಳದಲ್ಲಿದೆಯೋ ಅಷ್ಟರವರೆಗೆ ಸುತ್ತಲಿನ ಲೋಹವನ್ನು ಉಜ್ಜಿ ಇಳಿಸುವುದು. ಹೊಂಡ ಮುಚ್ಚಲು ಇಡೀ ರಸ್ತೆಯನ್ನೇ ಹೊಂಡದ ಮಟ್ಟಕ್ಕೆ ಕೆತ್ತಿದ ಹಾಗೆ. ಗೀರು ಎಷ್ಟು ಆಳವೋ ಹೋಗುವ ಲೋಹ ಅಷ್ಟು. ಒಮ್ಮೆ ಹೋದದ್ದು ಮತ್ತೆ ಬರುವುದಿಲ್ಲ.

ಒಂದು ಸಲ, ಎರಡು ಸಲ ಜಾಣ ಕೈಯಲ್ಲಿ ಮಾಡಿಸಿದರೆ ಗೊತ್ತಾಗದೆ ಇರಬಹುದು. ಆದರೆ ಪ್ರತಿ ಪೆರ್ನಾಲಿಗೆ, ಪ್ರತಿ ಮದುವೆಗೆ ಬಫ್ ಯಂತ್ರಕ್ಕೆ ಹಿಡಿಸುತ್ತಾ ಹೋದರೆ ವಾಚಿನ ಮೂಲೆಗಳು ಸಾಬೂನಿನ ಹಾಗೆ ದುಂಡಗಾಗುತ್ತವೆ. ಚೈನ್ ಬಂದು ಸೇರುವ ನಾಲ್ಕು ಕಾಲುಗಳು ಉಂಟಲ್ಲ, ವಾಚಿನವರು ಅದನ್ನು ಲಗ್ ಎನ್ನುತ್ತಾರೆ. ಅವು ಮೊದಲು ತೆಳ್ಳಗಾಗುತ್ತವೆ. ಅವುಗಳ ಅಂಚಿನಲ್ಲಿ ಕಾರ್ಖಾನೆಯವರು ಕತ್ತಿಯ ಬಾಯಿಯಂತೆ ಬಿಟ್ಟ ಗೆರೆ ಮಾಯವಾಗುತ್ತದೆ. ಹಿಂಬದಿ ಮುಚ್ಚಳದ ಅಕ್ಷರ, ಚಿನ್ನದ ವಾಚಾದರೆ ಅದರ ಶುದ್ಧತೆಯ ಮುದ್ರೆ ಮಸುಕಾಗುತ್ತವೆ. ಈಗ ಲೇಸರ್ ವೆಲ್ಡಿಂಗ್ ಮಾಡಿ ಹೋದ ಲೋಹವನ್ನು ಮತ್ತೆ ಸೇರಿಸಿ ಕೆತ್ತುವ ತಜ್ಞರಿದ್ದಾರೆ. ಆದರೆ ಅದು ದುಬಾರಿ ಕೆಲಸ, ಎಲ್ಲ ವಾಚಿಗೂ ಹೇಳಿದ್ದಲ್ಲ.

ಸ್ಟೀಲ್ ಗಟ್ಟಿ, ಮರಳು ಅದಕ್ಕಿಂತ ಗಟ್ಟಿ

"ಇಷ್ಟು ಲಕ್ಷ ಕೊಟ್ಟ ವಾಚಿಗೆ ಗೀರು ಬೀಳುವುದು ಹೇಗೆ?" ಎಂದು ಕೇಳುವವರು ಬಹಳ. ಉತ್ತರ ಸರಳ. ಬೆಲೆ ಹೆಚ್ಚಾದ ಮಾತ್ರಕ್ಕೆ ಲೋಹ ಗಟ್ಟಿಯಾಗುವುದಿಲ್ಲ.

ಹೆಚ್ಚಿನ ಒಳ್ಳೆಯ ವಾಚ್‌ಗಳು 316ಎಲ್ ಎಂಬ ಸ್ಟೇನ್‌ಲೆಸ್ ಸ್ಟೀಲಿನವು. ಗಡಸುತನ ಅಳೆಯುವ ವಿಕರ್ಸ್ ಮಾಪನದಲ್ಲಿ ಇದು ಹತ್ತಿರ ಹತ್ತಿರ 200. ನಮ್ಮ ಕಡಲ ತೀರದ ಮರಳಿನಲ್ಲಿ, ಗ್ರಾನೈಟಿನಲ್ಲಿ, ಕಾಂಕ್ರೀಟಿನಲ್ಲಿ ಇರುವ ಕ್ವಾರ್ಟ್ಜ್ 1000ಕ್ಕೂ ಮೇಲೆ. ಅಂದ ಮೇಲೆ ಪಣಂಬೂರಿನ ಮರಳಿನಲ್ಲಿ ಮಕ್ಕಳ ಜೊತೆ ಆಡಿದರೆ, ಮಸೀದಿಯ ಹೌಳ್‌ನ ಕಲ್ಲಿನ ಅಂಚಿಗೆ ಕೈ ತಾಗಿದರೆ ಸ್ಟೀಲ್ ಸೋಲಲೇಬೇಕು. ರೋಲೆಕ್ಸ್ ಕಂಪೆನಿ 1985ರಿಂದ 904ಎಲ್ ಎಂಬ ಬೇರೆ ಸ್ಟೀಲ್ ಬಳಸಲು ಶುರು ಮಾಡಿತು. ಅದಕ್ಕೆ ಗೀರೇ ಬೀಳುವುದಿಲ್ಲ ಎಂದು ನಂಬಿದವರಿದ್ದಾರೆ. ಅದರ ಹೆಚ್ಚುಗಾರಿಕೆ ಇರುವುದು ಉಪ್ಪುನೀರು, ಬೆವರಿನಿಂದ ಆಗುವ ಸವೆತವನ್ನು ತಡೆಯುವುದರಲ್ಲಿ. ಗೀರಿನ ವಿಷಯದಲ್ಲಿ ಅದೂ ಸ್ಟೀಲೇ.

ಚಿನ್ನ ಇನ್ನೂ ಮೆದು. 18 ಕ್ಯಾರೆಟ್ ಎಂದರೆ ನಾಲ್ಕರಲ್ಲಿ ಮೂರು ಪಾಲು ಚಿನ್ನ. ಟೈಟಾನಿಯಂ ತೂಕದಲ್ಲಿ ಸ್ಟೀಲಿನ ಸುಮಾರು ಅರ್ಧ, ಕೈಗೆ ಹಗುರ, ಆದರೆ ಸಾಮಾನ್ಯ ಟೈಟಾನಿಯಂ ಮೇಲೆ ಗೀರು ಬೇಗ ಬೀಳುತ್ತದೆ, ಬಿದ್ದದ್ದು ಕಪ್ಪಾಗಿ ಕಾಣುತ್ತದೆ.

ಗಾಜಿನ ಕಥೆ ಬೇರೆ. ದುಬಾರಿ ವಾಚಿನ ಗಾಜು ಕೃತಕ ಸಫೈರ್, ವಿಕರ್ಸ್ ಮಾಪನದಲ್ಲಿ ಸುಮಾರು 2000. ಮರಳಿಗೂ ಸೋಲುವುದಿಲ್ಲ. ಅದಕ್ಕೆ ಗೀರು ಹಾಕಬಲ್ಲದ್ದು ಮನೆಯಲ್ಲಿ ಬಹಳ ಕಡಿಮೆ, ಮುಖ್ಯವಾಗಿ ವಜ್ರ. ಉಮ್ಮನ ವಜ್ರದ ಉಂಗುರವನ್ನೂ ಉಪ್ಪನ ವಾಚನ್ನೂ ಒಂದೇ ಡಬ್ಬಿಯಲ್ಲಿ ಹಾಕಿಡಬೇಡಿ ಎನ್ನುವುದು ಇದೇ ಕಾರಣಕ್ಕೆ. ಆದರೆ ಸಫೈರ್ ಗಟ್ಟಿಯಾದಷ್ಟೇ ಬಿರುಸು. ಸಿಮೆಂಟ್ ನೆಲಕ್ಕೆ ಬಿದ್ದರೆ ಒಡೆಯುತ್ತದೆ. ಕೆಲವು ವಾಚ್‌ಗಳ ಗಾಜಿನ ಮೇಲೆ ಪ್ರತಿಫಲನ ತಡೆಯುವ ತೆಳು ಲೇಪ ಇರುತ್ತದೆ. ಗೀರು ಬಿದ್ದಿರುವುದು ಆ ಲೇಪಕ್ಕೆ, ನಾವು ಗಾಜೇ ಹಾಳಾಯಿತು ಅಂತ ಗಾಬರಿ ಬೀಳುತ್ತೇವೆ.

ರಾಡೊ ಯಾಕೆ ಅಷ್ಟು ಹೆಸರು ಮಾಡಿತು?

ಗಲ್ಫ್ ಕಂಡ ಕರಾವಳಿಯ ಹಿರಿಯರಲ್ಲಿ ರಾಡೊ ಹೆಸರು ಕೇಳದವರಿಲ್ಲ. ಆ ಮೊಟ್ಟೆಯಾಕಾರದ, ಕನ್ನಡಿಯ ಹಾಗೆ ಹೊಳೆಯುವ ವಾಚನ್ನು ಕಂಪೆನಿ ಮಾರುಕಟ್ಟೆಗೆ ತಂದದ್ದು 1962ರಲ್ಲಿ. ಹೆಸರು ಡಯಾಸ್ಟಾರ್. ಅದರ ಕೇಸ್ ಸ್ಟೀಲಿನದ್ದಲ್ಲ. ಕಾರ್ಖಾನೆಗಳಲ್ಲಿ ಲೋಹ ಕತ್ತರಿಸುವ ಉಪಕರಣಗಳಿಗೆ ಬಳಸುವ ಟಂಗ್‌ಸ್ಟನ್ ಕಾರ್ಬೈಡ್‌ನಿಂದ ಮಾಡಿದ ಹಾರ್ಡ್‌ಮೆಟಲ್. ಮೇಲೆ ಸಫೈರ್ ಗಾಜು. "ಗೀರು ಬೀಳದ ವಾಚ್" ಎಂದೇ ಅದು ಜಗತ್ತಿಗೆ ಪರಿಚಯವಾಯಿತು. 1986ರಲ್ಲಿ ಅದೇ ಕಂಪೆನಿ ಸೆರಾಮಿಕ್ ಬಳಸಿದ ಇಂಟೆಗ್ರಲ್ ಎಂಬ ವಾಚನ್ನೂ ತಂದಿತು.

ಹಗಲಿಡೀ ಅಂಗಡಿಯಲ್ಲಿ, ಗೋದಾಮಿನಲ್ಲಿ, ಹೋಟೆಲಿನಲ್ಲಿ ಕೈ ಆಡಿಸುವವನಿಗೆ ಇಂತಹ ವಾಚು ಎಷ್ಟು ಹಿಡಿಸಿರಬಹುದು ಎಂದು ಯೋಚಿಸಿ. ವರ್ಷಗಟ್ಟಲೆ ಕಟ್ಟಿದ ಮೇಲೂ ಊರಿಗೆ ಬಂದಾಗ ಫಳಫಳ. ಕೆಲಸದ ಕಷ್ಟ ವಾಚಿನ ಮೇಲೆ ಕಾಣುತ್ತಿರಲಿಲ್ಲ. ಊರವರಿಗೆ ಕಾಣಬಾರದೆಂಬುದೂ ಬಹುಶಃ ಒಂದು ಆಸೆಯಾಗಿತ್ತೋ ಏನೋ.

ಇಂತಹ ಹಳೆ ರಾಡೊ ಮನೆಯಲ್ಲಿದ್ದರೆ ಎರಡು ಮಾತು ನೆನಪಿಡಿ. ಒಂದು, ಹಾರ್ಡ್‌ಮೆಟಲ್ ಮತ್ತು ಸೆರಾಮಿಕ್‌ಗೆ ಗೀರು ಬೀಳುವುದು ಕಷ್ಟ, ಆದರೆ ಕೈಜಾರಿ ಬಿದ್ದರೆ ಅಂಚು ಚಕ್ಕೆ ಏಳಬಹುದು, ಬಿರುಕು ಬಿಡಬಹುದು. ಪೇಟೆಯ ಬಫ್ ಚಕ್ರದಲ್ಲಿ ಅದನ್ನು ಸರಿಮಾಡಲಾಗದು. ಎರಡು, ಕೇಸ್ ಗಟ್ಟಿ ಇದ್ದರೂ ಚೈನ್ ಎಲ್ಲ ಮಾದರಿಯಲ್ಲೂ ಅಷ್ಟೇ ಗಟ್ಟಿ ಇರುವುದಿಲ್ಲ. ಕೇಸ್ ಹೊಸತರಂತೆ, ಚೈನ್ ಸವೆದಂತೆ ಕಂಡರೆ ಅದು ಸಹಜ. ಅಷ್ಟಕ್ಕೇ ನಕಲಿ ಅಂತ ತೀರ್ಮಾನಿಸಬೇಡಿ. ನಕಲಿ ರಾಡೊಗಳು ಬೇಕಾದಷ್ಟು ಉಂಟು ನಿಜ, ಆದರೆ ಅದನ್ನು ಹೇಳಬೇಕಾದವರು ಮುಚ್ಚಳ ತೆರೆದು ಒಳಗೆ ನೋಡಿದವರು.

ಇನ್ನೊಂದು ತಲೆಮಾರು ಕಟ್ಟಿದ್ದು ಬೆಂಗಳೂರಿನ ಎಚ್‌ಎಂಟಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಸಹಕಾರದಲ್ಲಿ ಶುರುವಾದ ಕಾರ್ಖಾನೆ ಅದು. ಜನತಾದಂತಹ ಹಳೆ ಎಚ್‌ಎಂಟಿಗಳ 'ಗಾಜು' ನಿಜವಾಗಿ ಅಕ್ರಿಲಿಕ್ ಪ್ಲಾಸ್ಟಿಕ್. ಗೀರು ಬೇಗ ಬೀಳುತ್ತದೆ, ಅಷ್ಟೇ ಸುಲಭದಲ್ಲಿ ಹೋಗುತ್ತದೆ. ಮೆತ್ತಗಿನ ಬಟ್ಟೆಗೆ ಚೂರು ಬಿಳಿ ಟೂತ್‌ಪೇಸ್ಟ್ ಹಚ್ಚಿ ನಿಧಾನ ಉಜ್ಜಿದರೆ ಸಣ್ಣ ಗೀರುಗಳು ಮಾಯ. ಆದರೆ ಈ ಮನೆಮದ್ದು ಅಕ್ರಿಲಿಕ್‌ಗೆ ಮಾತ್ರ. 1963ರಿಂದ ಬಂದ ಸೀಕೋ 5 ವಾಚ್‌ಗಳೂ ಗಲ್ಫ್ ಪೆಟ್ಟಿಗೆಗಳಲ್ಲಿ ಬೇಕಾದಷ್ಟು ಬಂದಿವೆ. ಅವುಗಳ ಗಾಜು ಹೆಚ್ಚಾಗಿ ಗಟ್ಟಿ ಮಾಡಿದ ಮಿನರಲ್ ಗಾಜು. ಟೂತ್‌ಪೇಸ್ಟಿಗೆ ಅದು ಬಗ್ಗುವುದಿಲ್ಲ, ಗೀರು ಆಳವಾದರೆ ಗಾಜು ಬದಲಿಸುವುದೇ ಲೇಸು.

ಹೊಳಪು ಎರಡು ಬಗೆ

ನಿಮ್ಮ ವಾಚನ್ನು ಬೆಳಕಿಗೆ ಹಿಡಿದು ನೋಡಿ. ಕೆಲವು ಕಡೆ ಕನ್ನಡಿಯ ಹಾಗೆ ಮುಖ ಕಾಣುತ್ತದೆ. ಕೆಲವು ಕಡೆ ಒಂದೇ ದಿಕ್ಕಿಗೆ ಎಳೆದ ಸಣ್ಣ ಸಣ್ಣ ಗೆರೆಗಳು ಉಂಟು. ಮೊದಲನೆಯದ್ದು ಪಾಲಿಶ್ ಹೊಳಪು, ಎರಡನೆಯದ್ದು ಬ್ರಶ್ ಮಾಡಿದ್ದು. ಹೆಚ್ಚಿನ ಒಳ್ಳೆಯ ವಾಚ್‌ಗಳಲ್ಲಿ ಎರಡೂ ಇರುತ್ತವೆ, ಎರಡರ ನಡುವಿನ ಗಡಿ ನೂಲು ಹಿಡಿದ ಹಾಗೆ ನೇರ ಇರುತ್ತದೆ. ವಾಚಿನ ಕಸಬುದಾರಿಕೆ ಗೊತ್ತಾಗುವುದು ಆ ಗಡಿಯಲ್ಲಿ.

ಕನ್ನಡಿ ಹೊಳಪಿನ ಭಾಗಕ್ಕೆ ಅಂಗಿಯ ತೋಳು ತಾಗಿದರೂ ಕೂದಲೆಳೆಯಂತಹ ಗೆರೆ ಬೀಳುತ್ತದೆ. ಬ್ರಶ್ ಮಾಡಿದ ಭಾಗದಲ್ಲಿ ಅದೇ ಗೆರೆ ಉಳಿದ ಗೆರೆಗಳ ಮಧ್ಯೆ ಸೇರಿ ಹೋಗುತ್ತದೆ. ಆದ ಕಾರಣ ದಿನಾ ಕಟ್ಟುವವರು, ಕೈಕೆಲಸ ಇರುವವರು ವಾಚ್ ಆರಿಸುವಾಗಲೇ ಬ್ರಶ್ ಮಾಡಿದ ಚೈನ್ ನೋಡುವುದು ಜಾಣತನ. ರೋಲೆಕ್ಸ್‌ನದ್ದೇ ಉದಾಹರಣೆ ತೆಗೆದುಕೊಳ್ಳಿ. 1953ರಲ್ಲಿ ಬಂದ ಸಬ್‌ಮರೀನರ್ ಮುಳುಗುಗಾರರಿಗಾಗಿ ಮಾಡಿದ ವಾಚ್, ಅದರ ಚೈನಿನ ಮೇಲ್ಮೈ ಬ್ರಶ್ ಮಾಡಿದ್ದು. 1945ರಲ್ಲಿ ಬಂದ ಡೇಟ್‌ಜಸ್ಟ್‌ನ ಜ್ಯುಬಿಲಿ ಚೈನಿನಲ್ಲಿ ನಡುವಿನ ಸಣ್ಣ ಕೊಂಡಿಗಳು ಕನ್ನಡಿ ಹೊಳಪು. ಮದುವೆ ಮನೆಯಲ್ಲಿ ಚಂದ ಕಾಣುವುದು ಎರಡನೆಯದ್ದು. ಗೀರು ಬೇಗ ತೋರಿಸುವುದೂ ಅದೇ.

ಪೇಟೆಯ ಸಾಮಾನ್ಯ ಅಂಗಡಿಯಲ್ಲಿ ಪಾಲಿಶ್ ಎಂದು ಕೊಟ್ಟರೆ ಆಗುವ ದೊಡ್ಡ ಅನಾಹುತ ಇಲ್ಲಿಯದ್ದು. ಬ್ರಶ್ ಮಾಡಿದ್ದನ್ನೂ ಸೇರಿಸಿ ಇಡೀ ವಾಚನ್ನು ಒಂದೇ ಕನ್ನಡಿ ಮಾಡಿ ಕೊಡುತ್ತಾರೆ. ಮನೆಯವರು "ಎಷ್ಟು ಚಂದ ಹೊಳೆಯುತ್ತದೆ ನೋಡು" ಎನ್ನುತ್ತಾರೆ. ವಾಚ್ ಬಲ್ಲವನು ತಲೆ ಮೇಲೆ ಕೈ ಇಡುತ್ತಾನೆ. ಗ್ರ್ಯಾಂಡ್ ಸೀಕೋದಂತಹ ವಾಚ್‌ಗಳಲ್ಲಿ ಝರಾತ್ಸು ಎಂಬ ವಿಶೇಷ ಕ್ರಮದ ಪಾಲಿಶ್ ಇದೆ. ಮೇಲ್ಮೈ ಚೂರೂ ಅಲೆಯಿಲ್ಲದೆ ನೇರ ಕನ್ನಡಿ ಆಗುವಂತೆ ನುರಿತ ಕೆಲಸಗಾರ ಕೈಯಲ್ಲಿ ಹಿಡಿದು ಮಾಡುವ ಕೆಲಸ ಅದು. ಬಟ್ಟೆಯ ಬಫ್ ಚಕ್ರಕ್ಕೆ ಹಿಡಿದರೆ ಆ ನೇರ ಕನ್ನಡಿ ಅಲೆ ಅಲೆಯಾಗಿ ಬಿಡುತ್ತದೆ.

ಚಿನ್ನದ ಬಣ್ಣ ಮತ್ತು ಉಸ್ತಾದರ ಪ್ರಶ್ನೆ

ಚಿನ್ನದ ಬಣ್ಣದ ವಾಚ್‌ಗಳಲ್ಲಿ ಹೆಚ್ಚಿನವು ಚಿನ್ನವಲ್ಲ, ಲೇಪನ. ಹಳೆ ವಾಚ್‌ಗಳಲ್ಲಿ 10 ಅಥವಾ 20 ಮೈಕ್ರಾನ್ ದಪ್ಪದ ಲೇಪ ಇರುತ್ತಿತ್ತು. 20 ಮೈಕ್ರಾನ್ ಎಂದರೆ ಒಂದು ಮಿಲಿಮೀಟರನ್ನು ಐವತ್ತು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಈಗಿನ ಪಿವಿಡಿ ಲೇಪ ಅದಕ್ಕಿಂತಲೂ ತುಂಬಾ ತೆಳು. ಇಂತಹ ವಾಚನ್ನು ಪಾಲಿಶ್‌ಗೆ ಹಿಡಿದರೆ ಗೀರಿನ ಜೊತೆ ಬಣ್ಣವೂ ಹೋಗಿ ಅಡಿಯ ಹಿತ್ತಾಳೆ ಅಥವಾ ಸ್ಟೀಲ್ ಇಣುಕುತ್ತದೆ. ಲೇಪದ ವಾಚಿಗೆ ಪಾಲಿಶ್ ಬೇಡವೇ ಬೇಡ.

ಇನ್ನು ನಮ್ಮ ಮನೆಗಳಿಗೆ ಮುಖ್ಯವಾದ ಮಾತು. ಗಂಡಸರಿಗೆ ಚಿನ್ನ ಧರಿಸುವುದು ನಿಷಿದ್ಧ ಎನ್ನುವುದು ಮದ್ರಸದ ಮಕ್ಕಳಿಗೂ ಗೊತ್ತು. ಹಳದಿ ಕಂಡರೆ ನಾವೇ ದೂರ ಇಡುತ್ತೇವೆ. ಆದರೆ ಬಿಳಿ ಚಿನ್ನ? ಡೇಟ್‌ಜಸ್ಟ್‌ನ ಗಾಜಿನ ಸುತ್ತ ಏರಿಳಿತದ ಪಟ್ಟೆಗಳಿರುವ ಬಳೆ ಉಂಟಲ್ಲ, ಆ ವಾಚ್ ನೋಡಲು ಪೂರಾ ಸ್ಟೀಲಿನಂತೆ ಕಂಡರೂ ಆ ಬಳೆ 18 ಕ್ಯಾರೆಟ್ ಬಿಳಿ ಚಿನ್ನದ್ದು. ಬಿಳಿ ಚಿನ್ನವೂ ಚಿನ್ನವೇ. ಬೇರೆ ಲೋಹ ಬೆರೆಸಿ ಬಣ್ಣ ಬದಲಿಸಿದ್ದಾರೆ, ಅಷ್ಟೆ. ಅದೇ ಡೇಟ್‌ಜಸ್ಟ್ ನಯವಾದ ಸ್ಟೀಲ್ ಬಳೆಯಲ್ಲೂ ಸಿಗುತ್ತದೆ. ಅಳಿಯನಿಗೆ, ಮಗನಿಗೆ ವಾಚ್ ಕೊಳ್ಳುವವರು ಇದನ್ನು ಅಂಗಡಿಯಲ್ಲೇ ಕೇಳಿ ತಿಳಿದುಕೊಳ್ಳಬೇಕು. ಒಳಗಿನ ಅಂಕಿಗುರುತುಗಳು, ಮುಳ್ಳುಗಳು ಯಾವುದರವು ಎಂದೂ ಕೇಳಬಹುದು. ತೆಳು ಲೇಪ, ಅಲ್ಪಸ್ವಲ್ಪ ಚಿನ್ನ ಇರುವ ವಾಚಿನ ಬಗ್ಗೆ ಶಾಫಿಈ ಗ್ರಂಥಗಳಲ್ಲಿ ಪ್ರಮಾಣದ ಚರ್ಚೆ ಉಂಟು. ಅದನ್ನು ಅಂಗಡಿಯವನು ಹೇಳಿದ ಮಾತಿನ ಮೇಲೆ ತೀರ್ಮಾನಿಸುವ ಬದಲು ವಾಚಿನ ವಿವರ ಹಿಡಿದುಕೊಂಡು ಉಸ್ತಾದರಲ್ಲಿ ಕೇಳುವುದೇ ಸರಿ.

ವುಳೂ ಮಾಡುವಾಗ ವಾಚಿನ ಅಡಿಗೂ ನೀರು ತಾಗಬೇಕು. ಬಿಗಿ ಚೈನ್ ಆದರೆ ಬಿಚ್ಚಲೇಬೇಕಾಗುತ್ತದೆ. ದಿನಕ್ಕೆ ಐದು ಸಲ ಬಿಚ್ಚಿ ಹೌಳ್‌ನ ಕಟ್ಟೆಯ ಮೇಲೆ ಮುಖ ಅಡಿಯಾಗಿ ಇಟ್ಟರೆ ಗೀರು ಬೀಳದೆ ಇನ್ನೇನು? ಬಿಚ್ಚಿದ್ದನ್ನು ಅಂಗಿಯ ಜೇಬಿಗೆ ಹಾಕಿದರೆ ಬಗ್ಗುವಾಗ ನೀರಿಗೋ ಕಲ್ಲಿಗೋ ಬೀಳುತ್ತದೆ. ಪ್ಯಾಂಟಿನ ಜೇಬಿನಲ್ಲಿ ಕೀ ಗೊಂಚಲಿನ ಜೊತೆಯೂ ಬೇಡ. ಕರವಸ್ತ್ರದಲ್ಲಿ ಸುತ್ತಿ ಖಾಲಿ ಜೇಬಿನಲ್ಲಿಡುವುದು ಎಲ್ಲಕ್ಕಿಂತ ಸುಲಭ.

ಪಾಲಿಶ್‌ಗಿಂತ ಮೊದಲು ಒಳಗಿನ ಆರೋಗ್ಯ

ನಮ್ಮೂರಿನ ಮಳೆಗಾಲ, ಸೆಕೆ, ಬೆವರು ವಾಚಿಗೆ ಗೀರಿಗಿಂತ ದೊಡ್ಡ ಶತ್ರುಗಳು. ಗೀರು ಬಿದ್ದ ವಾಚ್ ನೂರು ವರ್ಷ ನಡೆದೀತು. ನೀರು ಹೊಕ್ಕ ವಾಚ್ ಒಂದು ಮಳೆಗಾಲದಲ್ಲಿ ತುಕ್ಕು ಹಿಡಿದು ಕೂರುತ್ತದೆ. ಹಣ ಖರ್ಚು ಮಾಡುವುದಾದರೆ ಮೊದಲು ಒಳಗಿನ ಯಂತ್ರದ ಸರ್ವಿಸ್, ನೀರು ತಡೆಯುವ ರಬ್ಬರ್ ಉಂಗುರಗಳ ಬದಲಾವಣೆ, ಆಮೇಲೆ ಒತ್ತಡ ಪರೀಕ್ಷೆ. ಹೊರಗಿನ ಹೊಳಪು ಕೊನೆಗೆ.

ಸರಿಯಾದ ಪಾಲಿಶ್‌ಗೆ ಕ್ರಮ ಉಂಟು. ಯಂತ್ರವನ್ನು ಕೇಸಿನಿಂದ ಹೊರಗೆ ತೆಗೆಯಬೇಕು. ಕೇಸ್ ಮತ್ತು ಚೈನ್ ತೊಳೆಯಬೇಕು. ಬ್ರಶ್ ಭಾಗಕ್ಕೆ ಟೇಪ್ ಅಂಟಿಸಿ ಕನ್ನಡಿ ಭಾಗವನ್ನು, ಆಮೇಲೆ ಕನ್ನಡಿ ಭಾಗವನ್ನು ಮುಚ್ಚಿ ಬ್ರಶ್ ಭಾಗವನ್ನು ಮಾಡಬೇಕು. ಕಡೆಗೆ ಹೊಸ ರಬ್ಬರ್ ಹಾಕಿ ಪರೀಕ್ಷಿಸಬೇಕು. ಯಂತ್ರ ಒಳಗಿರುವಾಗಲೇ ವಾಚನ್ನು ಬಫ್‌ಗೆ ಒತ್ತಿ ಐದು ನಿಮಿಷದಲ್ಲಿ ಕೊಡುವ ಕಡೆ ಬಿಸಿಯೂ ಉಜ್ಜುಪುಡಿಯೂ ಕೀ ಕೊಡುವ ಗುಂಡಿಯ ಸಂದಿನಲ್ಲಿ ಹೋಗಿ ಕೂರುತ್ತವೆ.

ವಾಚನ್ನು ಸರ್ವಿಸ್‌ಗೆ ಕೊಡುವಾಗ ಬಾಯಲ್ಲಿ ಹೇಳಿದರೆ ಸಾಲದು. "ಪಾಲಿಶ್ ಬೇಡ" ಅಂತ ಜಾಬ್ ಶೀಟಿನಲ್ಲೇ ಬರೆಸಿ. ಕಂಪೆನಿಯ ಸರ್ವಿಸ್ ಕೇಂದ್ರಗಳಲ್ಲೂ ಸರ್ವಿಸ್ ಜೊತೆ ಪಾಲಿಶ್ ಸೇರಿರುವುದುಂಟು, ನೀವು ಬೇಡ ಎಂದರೆ ಬಿಡುತ್ತಾರೆ. ಕೊಡುವ ಮೊದಲು ಎಲ್ಲ ಬದಿಯ ಫೋಟೋ ತೆಗೆದಿಟ್ಟುಕೊಳ್ಳಿ. ಬದಲಿಸಿದ ಹಳೆ ಬಿಡಿಭಾಗ ವಾಪಸು ಸಿಗುತ್ತದಾ ಎಂದೂ ಕೇಳಿ.

ದಿನದ ಆರೈಕೆಗೆ ದೊಡ್ಡ ಖರ್ಚಿಲ್ಲ:

• ನೀರು ತಡೆಯುವ ವಾಚಾದರೆ ಗುಂಡಿ ಸರಿಯಾಗಿ ಮುಚ್ಚಿದೆಯೇ ನೋಡಿ, ಮೆತ್ತಗಿನ ಹಲ್ಲುಜ್ಜುವ ಬ್ರಶ್, ಚೂರು ಸಾಬೂನು ನೀರಿನಲ್ಲಿ ಚೈನ್ ತೊಳೆಯಿರಿ. ಹೊಳಪು ಕಡಿಮೆಯಾಯಿತು ಎಂದುಕೊಂಡದ್ದರಲ್ಲಿ ಅರ್ಧ ಬರೀ ಬೆವರು, ಎಣ್ಣೆಯ ಕೊಳೆ.

• ಕಡಲಿಗೆ ಇಳಿದು ಬಂದರೆ ಸಿಹಿನೀರಿನಲ್ಲಿ ತೊಳೆಯಲೇಬೇಕು. ಚೈನಿನ ಕೊಂಡಿಗಳ ನಡುವೆ ಕೂತ ಮರಳು ಒಳಗಿಂದಲೇ ಅರೆಯುತ್ತದೆ.

• ಅತ್ತರು, ಸೆಂಟ್ ಹಾಕುವುದು ಮೊದಲು, ವಾಚ್ ಕಟ್ಟುವುದು ಆಮೇಲೆ. ಚರ್ಮದ ಪಟ್ಟಿಗೆ ಅತ್ತರಿನ ಎಣ್ಣೆ ತಾಗಿದರೆ ಕಲೆ ಹೋಗುವುದಿಲ್ಲ.

• ಬಳೆ ಹಾಕಿದ ಕೈಗೆ ಸ್ಟೀಲ್ ಚೈನ್ ವಾಚ್ ಬೇಡ. 22 ಕ್ಯಾರೆಟ್ ಬಳೆ ಸ್ಟೀಲಿಗಿಂತ ಮೆದು, ಸವೆಯುವುದು ಉಮ್ಮನ ಬಳೆ.

• ಪಾಲಿಶ್ ಬಟ್ಟೆ ಮನೆಯಲ್ಲಿದ್ದರೆ ಕನ್ನಡಿ ಹೊಳಪಿನ ಸ್ಟೀಲಿಗೆ ಮಾತ್ರ, ಅದೂ ಅಪರೂಪಕ್ಕೆ. ಬ್ರಶ್ ಮಾಡಿದ ಭಾಗಕ್ಕೂ ಲೇಪಕ್ಕೂ ತಾಗಿಸಬೇಡಿ.

• ಪ್ರತಿ ವಾಚಿಗೂ ಬೇರೆ ಮೆತ್ತಗಿನ ಚೀಲ. ಎರಡು ವಾಚ್ ಒಟ್ಟಿಗೆ ಹಾಕಿಟ್ಟರೆ ಒಂದರ ಮೇಲೊಂದು ಗೀರು ಹಾಕುತ್ತವೆ.

ಮಾರುಕಟ್ಟೆ ಏನು ಹೇಳುತ್ತದೆ?

ದುಬೈಯಲ್ಲಿ ಹಳೆ ವಾಚ್‌ಗಳ ದೊಡ್ಡ ವ್ಯಾಪಾರ ಉಂಟು. ನಮ್ಮ ಹುಡುಗರು ಅಲ್ಲಿ ಬಳಸಿದ ವಾಚ್ ಕೊಂಡು ತರುವುದೂ ಹೆಚ್ಚಾಗಿದೆ. ಅವರಿಗೆ ಒಂದು ಮಾತು. ಹಳೆಯ ವಾಚ್ ಅತಿಯಾಗಿ ಹೊಳೆಯುತ್ತಿದ್ದರೆ ಸಂತೋಷಪಡುವ ಮೊದಲು ಅನುಮಾನಪಡಿ. ನಾಲ್ಕು ಕಾಲುಗಳೂ ಒಂದೇ ದಪ್ಪ ಇವೆಯಾ? ಅಂಚು ಚೂಪಾಗಿದೆಯಾ, ಕರಗಿದಂತಿದೆಯಾ? ಹಿಂಬದಿ ಅಕ್ಷರ ಸ್ಪಷ್ಟ ಉಂಟಾ? ಬ್ರಶ್ ಗೆರೆಗಳು ನೇರ ಇವೆಯಾ? ಚೈನನ್ನು ಅಡ್ಡ ಹಿಡಿದರೆ ಜೋತು ಬೀಳುತ್ತದಾ? ಸಣ್ಣಪುಟ್ಟ ಗೀರಿದ್ದು ಮೂಲ ಆಕಾರ ಉಳಿದ ವಾಚಿಗೆ ಸಂಗ್ರಹಕಾರರು ಕೊಡುವ ಬೆಲೆ, ಪಾಲಿಶ್ ತಿಂದು ಹೊಳೆಯುವ ವಾಚಿಗೆ ಕೊಡುವುದಿಲ್ಲ. ಬಿಲ್ಲು, ಗ್ಯಾರಂಟಿ ಕಾರ್ಡು ಜೋಪಾನ ಇಡಿ. ವಿಮಾನ ನಿಲ್ದಾಣದಲ್ಲಿ ಸುಂಕ ಕಟ್ಟಬೇಕಾದಷ್ಟು ಬೆಲೆಯದ್ದಾದರೆ ಹೇಳಿಯೇ ಬನ್ನಿ.

ಲೋಕದ ಒಂದು ದೊಡ್ಡ ಉದಾಹರಣೆ: ಅಮೆರಿಕದ ನಟ ಪಾಲ್ ನ್ಯೂಮನ್ ಕಟ್ಟುತ್ತಿದ್ದ ರೋಲೆಕ್ಸ್ ಡೇಟೋನಾ 2017ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 1 ಕೋಟಿ 77 ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಹೋಯಿತು. ಅದು ಪೆಟ್ಟಿಗೆಯಲ್ಲಿ ಕೂತ ವಾಚಲ್ಲ, ವರ್ಷಗಟ್ಟಲೆ ಕಟ್ಟಿದ್ದು. ಕಾರ್ ರೇಸಿನ ಹುಚ್ಚಿದ್ದ ಗಂಡನಿಗೆ ಜೋಪಾನವಾಗಿ ಗಾಡಿ ಓಡಿಸು ಎಂಬ ಅರ್ಥದ ಮಾತನ್ನು ಹೆಂಡತಿ ಅದರ ಹಿಂಬದಿಯಲ್ಲಿ ಕೆತ್ತಿಸಿದ್ದರು. ಯಾರೋ ಹೊಸತರ ಹಾಗೆ ಮಾಡುತ್ತೇನೆಂದು ಆ ಹಿಂಬದಿಯನ್ನು ಉಜ್ಜಿಬಿಟ್ಟಿದ್ದರೆ? ನಮ್ಮಲ್ಲೂ ನಿವೃತ್ತಿಯ ಉಡುಗೊರೆ ವಾಚಿನ ಹಿಂದೆ, ಮದುವೆ ವಾಚಿನ ಹಿಂದೆ ಹೆಸರು, ತಾರೀಕು ಕೆತ್ತಿಸಿದವರಿದ್ದಾರೆ. ಬಫ್ ಚಕ್ರಕ್ಕೆ ಆ ಹೆಸರೂ ಒಂದು ಗೀರು ಮಾತ್ರ.

ಮದುವೆಯ ವಾಚ್, ಮನೆಯ ಸಾಲ

ಗೀರಿನ ಮಾತು ಬಂದಾಗ ಈ ಮಾತನ್ನೂ ಹೇಳದೆ ಇರಲಾಗದು. ವರನಿಗೆ ಹೆಣ್ಣಿನ ಮನೆಯವರು ವಾಚ್ ಕೊಡುವುದು ಎಷ್ಟೋ ಕಡೆ ಪ್ರೀತಿಯ ಉಡುಗೊರೆಯಾಗಿ ಉಳಿದಿಲ್ಲ. "ಬ್ರ್ಯಾಂಡ್ ಯಾವುದು?" ಎಂದು ಮೊದಲೇ ಕೇಳುವ ಪದ್ಧತಿ ಬಂದಿದೆ. ನಿಕಾಹ್‌ನಲ್ಲಿ ಕೊಡಬೇಕಾದವನು ಗಂಡು, ಅದಕ್ಕೆ ಮಹರ್ ಎಂದು ಹೆಸರು. ಕೇಳಿ ಪಡೆದ ವಾಚಿಗೆ ಬೇರೆ ಹೆಸರು ಉಂಟು, ಎಲ್ಲರಿಗೂ ಗೊತ್ತಿರುವುದೇ. ಹೆಣ್ಣಿನ ಉಪ್ಪ ಸಾಲ ಮಾಡಿ ಕೊಟ್ಟ ವಾಚಿನ ಮೇಲೆ ತಿಂಗಳೊಳಗೆ ಗೀರು ಬಿದ್ದರೆ ಅಳಿಯನಿಗೆ ಬೇಜಾರು. ಆ ಸಾಲದ ಕಂತು ಕಟ್ಟುವವರ ಮನಸ್ಸಿನ ಗೀರಿಗೆ ಯಾವ ಅಂಗಡಿಯಲ್ಲಿ ಪಾಲಿಶ್ ಸಿಗುತ್ತದೆ? ಕೊಡುವ ತಾಕತ್ತಿದ್ದು ಖುಷಿಯಿಂದ ಕೊಡುವವರಿಗೂ ಒಂದು ಸಲಹೆ: ಪೆಟ್ಟಿಗೆಯಲ್ಲಿಟ್ಟು ಪೂಜಿಸುವಂತಹದ್ದು ಬೇಡ, ಹೆದರದೆ ದಿನಾ ಕಟ್ಟಬಹುದಾದದ್ದು ಕೊಡಿ. ಗೀರಿನ ಹೆದರಿಕೆಯಿಂದ ಕಟ್ಟದೆ ಬಿಟ್ಟ ವಾಚ್ ಅರ್ಧ ಇಸ್ರಾಫ್ ಆದ ಹಾಗೆಯೇ.

ಉಪ್ಪನ ವಾಚ್ ಯಾರದ್ದು?

ಕಡೆಯದ್ದು ಎಲ್ಲಕ್ಕಿಂತ ಸೂಕ್ಷ್ಮ. ಮನೆಯ ಯಜಮಾನ ತೀರಿಕೊಂಡ ಮೇಲೆ ಅವರ ವಾಚನ್ನು ಹಿರಿಮಗನೋ ಹತ್ತಿರವಿದ್ದವನೋ ಕೈಗೆ ಕಟ್ಟಿಕೊಳ್ಳುವುದು ನಮ್ಮಲ್ಲಿ ಸಾಮಾನ್ಯ. ಪ್ರೀತಿಯಿಂದಲೇ ಕಟ್ಟುತ್ತಾರೆ. ಆದರೆ ಮೃತರು ಬಿಟ್ಟುಹೋದ ಸಣ್ಣ ವಸ್ತುವೂ ಅವರ ಸೊತ್ತೇ. ಸಾಲ, ವಸಿಯ್ಯತ್ ತೀರಿದ ಮೇಲೆ ಅದರಲ್ಲಿ ಉಮ್ಮನ ಪಾಲು ಉಂಟು, ಮಕ್ಕಳೆಲ್ಲರ ಪಾಲು ಉಂಟು, ಹೆಣ್ಣುಮಕ್ಕಳದ್ದೂ ಸೇರಿ. ಜಾಗ, ಮನೆಯ ಲೆಕ್ಕ ಮಾಡುವಾಗ ಲಕ್ಷ ಬಾಳುವ ವಾಚಿನ ಲೆಕ್ಕ ಮರೆತು ಹೋಗುತ್ತದೆ. ಎಲ್ಲ ವಾರಸುದಾರರೂ ಮನಸಾರೆ ಒಪ್ಪಿ ಒಬ್ಬನಿಗೆ ಬಿಟ್ಟುಕೊಟ್ಟರೆ ಅದಕ್ಕಿಂತ ಚಂದ ಇಲ್ಲ. ಒಪ್ಪಿಗೆ ಕೇಳದೆ ಕಟ್ಟಿಕೊಂಡರೆ ಅದು ಇನ್ನೊಬ್ಬರ ಹಕ್ಕು.

ಪಾಲಾಗುವ ಮೊದಲೇ ಅದನ್ನು ಪಾಲಿಶ್‌ಗೆ ಕೊಡುವುದಂತೂ ಬೇಡ. ಬೆಲೆ ಕಟ್ಟುವವರಿಗೆ ಇದ್ದ ಹಾಗೆಯೇ ತೋರಿಸಿ. ಹೊಳಪು ಬರಿಸಲು ಹೋಗಿ ಬೆಲೆ ಇಳಿದರೆ ನಷ್ಟ ಎಲ್ಲರ ಪಾಲಿಗೂ.

ಬೆಲೆಯ ಮಾತು ಬಿಟ್ಟರೂ ಇನ್ನೊಂದುಂಟು. ಆ ವಾಚಿನ ಲಾಕಿನ ಅಡಿಭಾಗ ನೋಡಿ. ಅಂಗಡಿಯ ಕೌಂಟರಿನ ಮೇಲೆ ವರ್ಷಗಟ್ಟಲೆ ಕೈ ಊರಿ ಲೆಕ್ಕ ಬರೆದವರ ವಾಚಾದರೆ ಅಲ್ಲಿ ಒತ್ತೊತ್ತಾಗಿ ಗೀರು ಇರುತ್ತದೆ. ಗಾಡಿ ಓಡಿಸಿದವರದ್ದಾದರೆ ಒಂದು ಬದಿ ಮಾತ್ರ ಸವೆದಿರುತ್ತದೆ. ಐದು ಹೊತ್ತು ಬಿಚ್ಚಿ ಕಟ್ಟಿದವರ ವಾಚಿನ ಲಾಕ್ ಸಡಿಲವಾಗಿರುತ್ತದೆ. ಪಾಲಿಶ್‌ಗೆ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವ ಮೊದಲು ಒಂದು ಸಂಜೆ ಆ ವಾಚನ್ನು ಉಮ್ಮನ ಕೈಗೆ ಕೊಟ್ಟು, ಯಾವ ಗೀರು ಎಲ್ಲಿಯದ್ದು ಅಂತ ಕೇಳಿ. ಅವರು ಹೇಳಿ ಮುಗಿಸುವ ಹೊತ್ತಿಗೆ ಏನು ಮಾಡಬೇಕೆಂದು ನಿಮಗೇ ಗೊತ್ತಾಗುತ್ತದೆ.